ಹೆಸರು ಮತ್ತು ರೋಗನಿರ್ಣಯ: ಚರ್ಮದ ಸೌಮ್ಯ ರಕ್ತನಾಳ ವಿಕೃತಿಗಳ ವರ್ಗೀಕರಣ ಹಾಗೂ ನಾಮಕರಣ

1. ಪ್ರವೇಶ

ಶಾಸ್ತ್ರೀಯ ಪರಿಭಾಷೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಸುತ್ತುವರಿದಿದೆ. ಪಾರಿಭಾಷಿಕ ಪದವನ್ನು ಸಂಸ್ಕೃತದಿಂದ ಕಟ್ಟಬೇಕೆ, ದೇಶ್ಯ ಧಾತುಗಳಿಂದ ಕಟ್ಟಬೇಕೆ, ಇಲ್ಲವೆ ಇಂಗ್ಲಿಷಿನ ಪದವನ್ನೇ ಲಿಪ್ಯಂತರಿಸಿ ಉಳಿಸಿಕೊಳ್ಳಬೇಕೆ ಎಂಬುದು ಆ ಪ್ರಶ್ನೆ. ಇದು ಪದದ ಮೂಲದ್ರವ್ಯಕ್ಕೆ ಸಂಬಂಧಿಸಿದುದು. ಆದರೆ ಇದಕ್ಕಿಂತ ಮೊದಲೇ ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು. ನಾವು ಅನುವಾದಿಸಲು ಹೊರಟಿರುವ ಮೂಲಪದವು ತಾನು ಹೆಸರಿಸುವ ವಸ್ತುವಿನ ಬಗೆಗೆ ನಿಜವನ್ನು ಹೇಳುತ್ತಿದೆಯೆ? ಮೂಲಪದವೇ ತಪ್ಪಾಗಿದ್ದರೆ ಅದರ ಅಚ್ಚುಕಟ್ಟಾದ ಅನುವಾದವು ತಪ್ಪನ್ನು ಇನ್ನೊಂದು ಭಾಷೆಯಲ್ಲಿ ನೆಲೆಗೊಳಿಸುತ್ತದೆಯಷ್ಟೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಚರ್ಮದ ಸೌಮ್ಯ ರಕ್ತನಾಳ ವಿಕೃತಿಗಳ ಕ್ಷೇತ್ರವು ಬಹಳ ಉಪಯುಕ್ತವಾದುದು. ಕೂಸುಗಳ ಮೈಮೇಲೆ ಕಾಣುವ ಕೆಂಪು ಅಥವಾ ನೇರಳೆ ಬಣ್ಣದ ಮಚ್ಚೆಗಳು, ಹಿರಿಯರ ಎದೆಯ ಮೇಲೆ ಮೂಡುವ ಸಣ್ಣ ಕೆಂಪು ಬೊಟ್ಟುಗಳು, ಗಾಯದ ನಂತರ ಬೆರಳಿನಲ್ಲೋ ಒಸಡಿನಲ್ಲೋ ಬೆಳೆದು ಮುಟ್ಟಿದರೆ ರಕ್ತ ಸೋರುವ ಗುಳ್ಳೆಗಳು ಈ ಗುಂಪಿಗೆ ಸೇರುತ್ತವೆ. ಒಂದೇ ವಿಕೃತಿಗೆ ಹಲವು ಹೆಸರು, ಹಲವು ವಿಕೃತಿಗಳಿಗೆ ಒಂದೇ ಹೆಸರು ಎಂಬ ಗೊಂದಲ ಇಲ್ಲಿ ನೂರು ವರ್ಷಗಳಿಗೂ ಮಿಗಿಲಾಗಿ ಉಳಿದಿತ್ತು. ಆ ಗೊಂದಲದ ಬೆಲೆಯನ್ನು ತೆತ್ತವರು ರೋಗಿಗಳು.

ಕನ್ನಡ ವ್ಯಾಕರಣದಲ್ಲಿ ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರಾಗಿ ವಿಂಗಡಿಸುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಈ ವಿಂಗಡಣೆಯನ್ನೇ ಸಾಧನವಾಗಿ ಬಳಸಿಕೊಂಡು, ವೈದ್ಯಕೀಯ ನಾಮಕರಣದಲ್ಲಿ ಯಾವ ಬಗೆಯ ಹೆಸರು ಯಾವ ಬಗೆಯ ಅಪಾಯವನ್ನು ಒಳಗೊಂಡಿರುತ್ತದೆ ಎಂಬುದನ್ನು ನೋಡಲಾಗಿದೆ. ಕೊನೆಯ ಭಾಗದಲ್ಲಿ ಕನ್ನಡದ ಪದರಚನೆಗೆ ಇದರಿಂದ ದೊರೆಯುವ ಪಾಠವನ್ನು ಸೂಚಿಸಲಾಗಿದೆ.

2. ತಾಯಿಯ ಬಯಕೆ ಮತ್ತು ಕೂಸಿನ ಗುರುತು

ಹುಟ್ಟುಮಚ್ಚೆಗೆ ಬೇರೆ ಬೇರೆ ಭಾಷೆಗಳಲ್ಲಿರುವ ಹೆಸರುಗಳು ಒಂದು ಹಳೆಯ ನಂಬಿಕೆಯನ್ನು ಉಳಿಸಿಕೊಂಡಿವೆ. ಸ್ಪ್ಯಾನಿಷ್ ಭಾಷೆಯ ಆಂತೋಹೊ, ಇಟಾಲಿಯನ್ನಿನ ವೋಲ್ಯಾ ಎಂಬ ಪದಗಳಿಗೆ ಬಯಕೆ ಎಂಬ ಅರ್ಥವೂ ಹುಟ್ಟುಮಚ್ಚೆ ಎಂಬ ಅರ್ಥವೂ ಉಂಟು. ಬಸುರಿಯ ತೀರದ ಬಯಕೆ ಕೂಸಿನ ಮೈಮೇಲೆ ಗುರುತಾಗಿ ಮೂಡುತ್ತದೆ ಎಂಬುದು ಇದರ ಹಿಂದಿನ ಗ್ರಹಿಕೆ. ಜರ್ಮನ್ ಭಾಷೆಯ ಮುಟರ್‌ಮಾಲ್, ಡಚ್ಚಿನ ಮೂಡರ್‌ವ್ಲೆಕ್ ಎಂಬ ಪದಗಳಿಗೆ ಕ್ರಮವಾಗಿ ತಾಯಿಯ ಗುರುತು, ತಾಯಿಯ ಕಲೆ ಎಂದೇ ಅರ್ಥ. ಹಳೆಯ ವೈದ್ಯಗ್ರಂಥಗಳ ಲ್ಯಾಟಿನ್ನಿನಲ್ಲಿ ನೀವಸ್ ಮೆಟರ್ನಸ್ ಎಂಬ ಪ್ರಯೋಗವಿದ್ದಿತು. ನಮ್ಮಲ್ಲಿಯೂ ಗ್ರಹಣಕಾಲದಲ್ಲಿ ಬಸುರಿಯರು ಹೊರಗೆ ಬಂದರೆ ಕೂಸಿಗೆ ಕಲೆಯೋ ಊನವೋ ಉಂಟಾಗುತ್ತದೆ ಎಂಬ ನಂಬಿಕೆ ಇಂದಿಗೂ ಪೂರ್ತಿ ಅಳಿದಿಲ್ಲ.

ಈ ಹೆಸರುಗಳನ್ನು ಕೇವಲ ಜಾನಪದ ಕುತೂಹಲವೆಂದು ಬದಿಗಿರಿಸುವಂತಿಲ್ಲ. ಹೆಸರಿನಲ್ಲಿಯೇ ಒಂದು ಕಾರಣನಿರೂಪಣೆ ಅಡಗಿದೆ. ಆ ಕಾರಣನಿರೂಪಣೆಯಲ್ಲಿ ತಾಯಿಯ ಮೇಲಿನ ಆರೋಪವೂ ಅಡಗಿದೆ. ತಾನು ಏನು ತಿಂದುದರಿಂದ, ಏನು ನೋಡಿದುದರಿಂದ ಮಗುವಿಗೆ ಹೀಗಾಯಿತು ಎಂದು ತಾಯಿ ತನ್ನನ್ನೇ ಹಳಿದುಕೊಳ್ಳುವ ಸಂದರ್ಭಗಳು ಇಂದಿಗೂ ಉಂಟು. ಹೆಸರು ವಿವರಣೆಯಾಗಲು ಹೊರಟಾಗ ಹುಟ್ಟುವ ಸಮಸ್ಯೆಯ ಮೊದಲ ರೂಪ ಇದು.

ಭಾರತೀಯ ವೈದ್ಯಪರಂಪರೆಯು ಇದೇ ವಿದ್ಯಮಾನವನ್ನು ಇನ್ನೊಂದು ದಾರಿಯಿಂದ ನೋಡಿದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ಸಾಲಿನಲ್ಲಿ ತಿಲಕಾಲಕ, ಮಷಕ, ನ್ಯಚ್ಛ, ವ್ಯಂಗ ಮೊದಲಾದವುಗಳ ಜೊತೆಗೆ ಜತುಮಣಿ ಎಂಬ ಹೆಸರು ಬರುತ್ತದೆ. ಹುಟ್ಟಿನಿಂದಲೇ ಬಂದ, ನೋವಿಲ್ಲದ ಗುರುತು ಎಂಬುದು ಅದರ ಲಕ್ಷಣ. ಜತು ಎಂದರೆ ಅರಗು. ಇದನ್ನು ಇಂದಿನ ಯಾವುದೇ ಒಂದು ವಿಕೃತಿಯೊಂದಿಗೆ ಸಮೀಕರಿಸುವುದು ಸರಿಯಾಗದು. ಆದರೆ ಹುಟ್ಟಿನಿಂದ ಬಂದುದು, ನೋಯದುದು ಎಂಬ ಗುಣಗಳನ್ನು ವರ್ಗೀಕರಣದ ಆಧಾರವಾಗಿ ಹಿಡಿದಿರುವುದು ಗಮನಾರ್ಹ. ಆಧುನಿಕ ವೈದ್ಯವು ಇದೇ ವಿಕೃತಿಗಳ ಬಗೆಗೆ ಹುಟ್ಟಿದಾಗಲೇ ಇತ್ತೆ ಎಂಬ ಪ್ರಶ್ನೆಯ ಮಹತ್ತ್ವವನ್ನು ಮತ್ತೆ ಕಂಡುಕೊಂಡುದು ಬಹಳ ತಡವಾಗಿ.

3. ಹೋಲಿಕೆಯಿಂದ ಬಂದ ರೂಢನಾಮಗಳು

ಯುರೋಪಿನ ವೈದ್ಯರು ರಕ್ತನಾಳದ ಮಚ್ಚೆಗಳಿಗೆ ಕೊಟ್ಟ ಬಳಕೆಯ ಹೆಸರುಗಳಲ್ಲಿ ಹೆಚ್ಚಿನವು ಅಡುಗೆಮನೆಯಿಂದಲೂ ಊಟದ ಮೇಜಿನಿಂದಲೂ ಬಂದವು. ಉಬ್ಬಿದ ಕೆಂಪು ಮಚ್ಚೆ ಸ್ಟ್ರಾಬೆರಿಯಾಯಿತು. ಚಪ್ಪಟೆಯಾದ ಗಾಢ ಕೆಂಪು ಕಲೆ ಪೋರ್ಟ್ ವೈನ್ ಮದ್ಯದ ಕಲೆಯಾಯಿತು. ನಸುಗೆಂಪು ಕಲೆಗೆ ಸಾಲ್ಮನ್ ಮೀನಿನ ಮಾಂಸದ ಬಣ್ಣ ಹೆಸರು ಕೊಟ್ಟಿತು. ಹಿರಿಯರ ಮೈಮೇಲಿನ ಕೆಂಪು ಬೊಟ್ಟು ಚೆರಿ ಹಣ್ಣಾಯಿತು. ನಡುವೆ ಒಂದು ಕೆಂಪು ಚುಕ್ಕೆ, ಅದರಿಂದ ಸುತ್ತಲೂ ಹರಡಿದ ಎಳೆಯಂತಹ ನಾಳಗಳು ಇದ್ದರೆ ಅದು ಜೇಡ. ಕೂಸಿನ ಕತ್ತಿನ ಹಿಂಭಾಗದ ನಸುಗೆಂಪು ಕಲೆಗೆ ಕೊಕ್ಕರೆ ಕಚ್ಚಿದ ಗುರುತು ಎಂಬ ಹೆಸರು ಬಂದುದು, ಕೂಸನ್ನು ಕೊಕ್ಕರೆ ತನ್ನ ಕೊಕ್ಕಿನಲ್ಲಿ ಹೊತ್ತು ತರುತ್ತದೆ ಎಂಬ ಯುರೋಪಿನ ಕತೆಯಿಂದ.

ಈ ಹೆಸರುಗಳು ರೋಗದ ಕಾರಣವನ್ನು ಹೇಳುವುದಾಗಿ ಸಾಧಿಸುವುದಿಲ್ಲ. ಸ್ಟ್ರಾಬೆರಿ ಎಂದೊಡನೆ ಆ ಹಣ್ಣಿಗೂ ಮಚ್ಚೆಗೂ ಹೋಲಿಕೆಯ ಹೊರತು ಬೇರೆ ಸಂಬಂಧವಿಲ್ಲವೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಆದುದರಿಂದ ಇವನ್ನು ರೂಢನಾಮಗಳ ಗುಂಪಿಗೆ ಸೇರಿಸಬಹುದು. ಇವುಗಳ ಮಿತಿ ಬೇರೆ ಬಗೆಯದು, ಮತ್ತು ಅದು ಎರಡು ಮುಖವಾದುದು.

ಮೊದಲನೆಯದು, ಬಣ್ಣ. ಈ ಹೋಲಿಕೆಗಳೆಲ್ಲವೂ ಬಿಳಿಯ ಚರ್ಮದ ಮೇಲೆ ಕಂಡ ಬಣ್ಣವನ್ನು ಆಧರಿಸಿವೆ. ಕಂದು ಅಥವಾ ಕಪ್ಪು ಚರ್ಮದ ಮೇಲೆ ಅದೇ ವಿಕೃತಿ ನೇರಳೆಯಾಗಿಯೋ ಸುತ್ತಲಿನ ಚರ್ಮಕ್ಕಿಂತ ತುಸು ಗಾಢವಾಗಿಯೋ ಕಾಣಬಹುದು. ನಸುಗೆಂಪು ಕಲೆಯಂತೂ ಕಣ್ಣಿಗೆ ಬೀಳದೆಯೇ ಹೋಗಬಹುದು. ಹೆಸರನ್ನು ನಂಬಿ ಸ್ಟ್ರಾಬೆರಿಯ ಕೆಂಪನ್ನೇ ಹುಡುಕುವ ಕಣ್ಣು ಇಲ್ಲಿ ಎಡವುತ್ತದೆ.

ಎರಡನೆಯದು, ಮೇಲ್ಮೈ. ಕಲೆ ಎಂಬುದು ಒರೆಸಿದರೆ ಹೋಗುವ, ಹೆಚ್ಚೆಂದರೆ ಅಂದವನ್ನು ಕೆಡಿಸುವ ವಸ್ತುವಿನ ಹೆಸರು. ಆದರೆ ಪೋರ್ಟ್ ವೈನ್ ಕಲೆಯೆಂಬುದು ಚರ್ಮದ ಲೋಮನಾಳಗಳ ರಚನೆಯಲ್ಲಿಯೇ ಇರುವ ವ್ಯತ್ಯಾಸ. ಸಾವಿರ ಕೂಸುಗಳಲ್ಲಿ ಸುಮಾರು ಮೂರಕ್ಕೆ ಇದು ಹುಟ್ಟಿನಿಂದಲೇ ಇರುತ್ತದೆ, ತಾನಾಗಿ ಮಾಯುವುದಿಲ್ಲ, ವಯಸ್ಸಾದಂತೆ ಗಾಢವಾಗಿ ದಪ್ಪಗಾಗಬಹುದು. ಹಣೆ ಹಾಗೂ ಮೇಲಿನ ರೆಪ್ಪೆಯ ಭಾಗದಲ್ಲಿದ್ದರೆ ಕಣ್ಣಿನ ಒತ್ತಡ ಹೆಚ್ಚುವ ಗ್ಲಾಕೋಮ, ಮೆದುಳಿಗೆ ಸಂಬಂಧಿಸಿದ ಸೆಳವು ಇವುಗಳೊಂದಿಗೆ ಸೇರಿಕೊಂಡು ಬರುವ ಸಾಧ್ಯತೆಯಿದೆ. ಅಂಥ ಕೂಸಿಗೆ ಕಣ್ಣಿನ ತಪಾಸಣೆ ಅಗತ್ಯ. ಕಲೆ ಎಂಬ ಹೆಸರು ಈ ಅಗತ್ಯವನ್ನು ಮರೆಮಾಡಬಲ್ಲುದು. ರೂಢನಾಮವು ಸುಳ್ಳನ್ನು ಹೇಳುವುದಿಲ್ಲ ನಿಜ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಅದು ಕೇಳಿಸುವುದೂ ಇಲ್ಲ.

4. ಸೂಕ್ಷ್ಮದರ್ಶಕ ಮತ್ತು ‘ಓಮ’ ಪ್ರತ್ಯಯ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸೂಕ್ಷ್ಮದರ್ಶಕವು ರೋಗಶಾಸ್ತ್ರದ ಮುಖ್ಯ ಸಾಧನವಾಯಿತು. ಹೊರಗಿನ ಹೋಲಿಕೆಯ ಬದಲು ಒಳಗಿನ ರಚನೆಯನ್ನು ಆಧರಿಸಿ ಹೆಸರಿಡುವ ಕ್ರಮ ಇದರಿಂದ ಮೊದಲಾಯಿತು. ಜರ್ಮನಿಯ ರುಡಾಲ್ಫ್ ಫಿರ್ಖೋ 1863ರಿಂದ ಪ್ರಕಟವಾಗತೊಡಗಿದ ಗಂತಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ರಕ್ತನಾಳದ ವಿಕೃತಿಗಳನ್ನು ಆಂಜಿಯೋಮ ಎಂಬ ಒಂದೇ ಶೀರ್ಷಿಕೆಯಡಿ ತಂದು, ಸರಳ, ಕುಹರಯುಕ್ತ ಹಾಗೂ ಗೊಂಚಲಿನಂತಹ ರೂಪಗಳೆಂದು ವಿಂಗಡಿಸಿದನು. 1877ರಲ್ಲಿ ವೆಗ್ನರ್ ಇದೇ ಮಾದರಿಯಲ್ಲಿ ದುಗ್ಧನಾಳದ ವಿಕೃತಿಗಳನ್ನು ಲಿಂಫಾಂಜಿಯೋಮ ಎಂಬ ಹೆಸರಿನಡಿ ವಿಂಗಡಿಸಿದನು. ಅಂದಿನ ಮಟ್ಟಿಗೆ ಇದು ದೊಡ್ಡ ಮುನ್ನಡೆಯೇ ಸರಿ. ಹೆಸರು ಈಗ ಊಟದ ಮೇಜನ್ನು ಬಿಟ್ಟು ಅಂಗಾಂಶದ ಕಡೆಗೆ ತಿರುಗಿತ್ತು.

ಆದರೆ ಇಲ್ಲಿಯೇ ಒಂದು ಭಾಷಿಕ ತೊಡಕು ಸೇರಿಕೊಂಡಿತು. ಗ್ರೀಕ್ ಭಾಷೆಯಲ್ಲಿ ಓಮ ಎಂಬ ಪದಾಂತ್ಯವು ಮೂಲತಃ ಕ್ರಿಯೆಯ ಫಲವನ್ನು ಸೂಚಿಸುವ ಕೃದಂತ ರೂಪದ್ದು. ಗಂತಿಯೆಂಬ ಅರ್ಥ ಅದಕ್ಕೆ ಸಹಜವಾಗಿ ಇದ್ದುದಲ್ಲ. ಗ್ಲಾಕೋಮ, ಟ್ರಕೋಮ, ಹೆಮಟೋಮ ಎಂಬ ಹೆಸರುಗಳಲ್ಲಿ ಓಮ ಇದ್ದರೂ ಅವು ಗಂತಿಗಳಲ್ಲವಷ್ಟೆ. ಆಧುನಿಕ ರೋಗಶಾಸ್ತ್ರದಲ್ಲಿ ಈ ಪದಾಂತ್ಯವು ಕೋಶಗಳು ವೃದ್ಧಿಗೊಂಡು ಬೆಳೆಯುವ ಗಂತಿ ಎಂಬ ವಿಶೇಷಾರ್ಥದಲ್ಲಿ ನೆಲೆಗೊಂಡಿತು. ಆ ಬಳಿಕ ಹೆಮಾಂಜಿಯೋಮ ಎಂಬ ಪದವು ರಕ್ತ, ನಾಳ, ಗಂತಿ ಎಂಬ ಮೂರು ಘಟಕಗಳಿಂದ ಕೂಡಿದ ಸಂಪೂರ್ಣ ಅನ್ವರ್ಥನಾಮವಾಗಿ ತೋರತೊಡಗಿತು. ಯಾವ ವಿಕೃತಿಗೆ ಈ ಹೆಸರನ್ನು ಕೊಟ್ಟರೂ ಅದರ ಕೋಶಗಳು ವೃದ್ಧಿಗೊಳ್ಳುತ್ತಿವೆ ಎಂಬ ಪ್ರತಿಪಾದನೆ ಹೆಸರಿನ ಮೂಲಕವೇ ಸಂದಾಯವಾಗುತ್ತಿತ್ತು.

ವಾಸ್ತವ ಹಾಗಿರಲಿಲ್ಲ. ಮೊದಲ ಕೆಲವು ತಿಂಗಳು ರಭಸದಿಂದ ಬೆಳೆದು ಅನಂತರ ತಾನಾಗಿ ಕುಗ್ಗುವ ಸ್ಟ್ರಾಬೆರಿ ಮಚ್ಚೆಯನ್ನು ಕ್ಯಾಪಿಲರಿ ಹೆಮಾಂಜಿಯೋಮ ಎನ್ನಲಾಗುತ್ತಿತ್ತು. ಎಂದಿಗೂ ಕುಗ್ಗದ ಪೋರ್ಟ್ ವೈನ್ ಕಲೆಗೂ ಅದೇ ಹೆಸರಿನ ಬಳಕೆಯಿದ್ದಿತು. ಚರ್ಮದ ಆಳದಲ್ಲಿದ್ದು ನೀಲಿಯಾಗಿ ಕಾಣುವ, ಆದರೆ ಕುಗ್ಗುವ ಸ್ವಭಾವದ ಗಂತಿಯನ್ನು ಕ್ಯಾವರ್ನಸ್ ಹೆಮಾಂಜಿಯೋಮ ಎನ್ನುತ್ತಿದ್ದರು. ಹಿಗ್ಗಿದ ಅಭಿಧಮನಿಗಳಿಂದಾದ, ಜೀವನಪೂರ್ತಿ ಉಳಿಯುವ ವಿಕೃತಿಗೂ ಅದೇ ಹೆಸರು. 1938ರಲ್ಲಿಯೇ ಇಂಗ್ಲೆಂಡಿನ ಲಿಸ್ಟರ್ ಎಂಬ ವೈದ್ಯರು ಸ್ಟ್ರಾಬೆರಿ ಮಚ್ಚೆಗಳ ಸ್ವಾಭಾವಿಕ ಗತಿಯನ್ನು ವರ್ಷಗಟ್ಟಲೆ ಅನುಸರಿಸಿ, ಅವು ತಾನಾಗಿ ಕುಗ್ಗುತ್ತವೆಂದು ತೋರಿಸಿಕೊಟ್ಟಿದ್ದರು. ಆದರೆ ಕುಗ್ಗುವುದಕ್ಕೂ ಕುಗ್ಗದುದಕ್ಕೂ ಹೆಸರು ಒಂದೇ ಆಗಿದ್ದುದರಿಂದ ಆ ತಿಳಿವಳಿಕೆಯನ್ನು ಯಾವುದಕ್ಕೆ ಅನ್ವಯಿಸಬೇಕೆಂಬುದೇ ಸ್ಪಷ್ಟವಾಗಲಿಲ್ಲ. ಕಾದರೆ ಹೋಗುತ್ತದೆ ಎಂಬ ಮಾತನ್ನು ಎಂದಿಗೂ ಹೋಗದ ಮಚ್ಚೆಯ ತಾಯಿತಂದೆಯರಿಗೂ ಹೇಳುವಂತಾಯಿತು. ತಾನಾಗಿ ಹೋಗುವ ಮಚ್ಚೆಗೆ ಶಸ್ತ್ರಕ್ರಿಯೆಯೋ ವಿಕಿರಣವೋ ನಡೆಯುವಂತಾಯಿತು.

5. 1982ರ ವಿಭಜನೆ

ಅಮೆರಿಕದ ಬಾಸ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ ಜಾನ್ ಮಲ್ಲಿಕನ್ ಮತ್ತು ವಿಜ್ಞಾನಿ ಜೂಲಿ ಗ್ಲೊವಾಕಿ 1982ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಗೊಂದಲವನ್ನು ಬಗೆಹರಿಸುವ ದಾರಿಯನ್ನು ತೆರೆಯಿತು. ಅವರು ಕೇಳಿದ ಪ್ರಶ್ನೆ ಸರಳವಾದುದು. ನಾಳದ ಒಳಪದರದ ಕೋಶಗಳು ವೃದ್ಧಿಗೊಳ್ಳುತ್ತಿವೆಯೆ, ಇಲ್ಲವೆ? ಕೋಶವಿಭಜನೆಯನ್ನು ಗುರುತಿಸಲು ವಿಕಿರಣಶೀಲ ಥೈಮಿಡಿನ್ ಬಳಸಿ ಪರೀಕ್ಷಿಸಿದಾಗ, ಬೆಳೆಯುವ ಹಂತದ ಹೆಮಾಂಜಿಯೋಮದ ಕೋಶಗಳು ಅದನ್ನು ಹೀರಿಕೊಂಡವು. ಇನ್ನೊಂದು ಗುಂಪಿನ ವಿಕೃತಿಗಳಲ್ಲಿ ಹಾಗಾಗಲಿಲ್ಲ. ಮೊದಲನೆಯದಕ್ಕೆ ಹೆಮಾಂಜಿಯೋಮ ಎಂಬ ಹೆಸರನ್ನು ಉಳಿಸಿಕೊಂಡು, ಎರಡನೆಯದನ್ನು ಮಾಲ್‌ಫಾರ್ಮೇಶನ್, ಎಂದರೆ ರಚನೆಯ ದೋಷ, ಎಂದು ಬೇರ್ಪಡಿಸಲಾಯಿತು.

ಈ ವಿಭಜನೆಯ ವಿಶೇಷವೆಂದರೆ ಪ್ರಯೋಗಾಲಯದ ಭೇದವು ತಾಯಿಯೊಬ್ಬಳು ಹೇಳಬಹುದಾದ ವಿವರಗಳೊಂದಿಗೆ ಹೊಂದಿಕೊಂಡುದು. ಶಿಶುವಿನ ಹೆಮಾಂಜಿಯೋಮವು ಹುಟ್ಟಿದಾಗ ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಮಸುಕಾದ ಗುರುತಿನಂತಿರುತ್ತದೆ. ಮೊದಲ ವಾರಗಳಲ್ಲಿ ಕಾಣಿಸಿಕೊಂಡು, ಮಗುವಿಗಿಂತ ಹೆಚ್ಚಿನ ವೇಗದಲ್ಲಿ ಬೆಳೆಯುತ್ತದೆ. ಬೆಳವಣಿಗೆಯ ಹೆಚ್ಚಿನ ಭಾಗ ಮೊದಲ ಐದು ತಿಂಗಳೊಳಗೆ ಮುಗಿದು, ಅನಂತರ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಕುಗ್ಗುತ್ತದೆ. ಹೆಣ್ಣುಕೂಸುಗಳಲ್ಲಿಯೂ ತಿಂಗಳು ತುಂಬುವ ಮೊದಲು ಹುಟ್ಟಿದ ಕೂಸುಗಳಲ್ಲಿಯೂ ಇದು ಹೆಚ್ಚು. ರಚನೆಯ ದೋಷವಾದರೋ ಹುಟ್ಟಿನಿಂದಲೇ ಇರುತ್ತದೆ, ಮಗುವಿನ ಬೆಳವಣಿಗೆಯ ಪ್ರಮಾಣದಲ್ಲಿಯೇ ಬೆಳೆಯುತ್ತದೆ, ತಾನಾಗಿ ಕುಗ್ಗುವುದಿಲ್ಲ. ಯಾವಾಗ ಕಂಡಿತು, ಎಷ್ಟು ಬೇಗ ಬೆಳೆಯಿತು ಎಂಬೆರಡು ಪ್ರಶ್ನೆಗಳು ಬಹುಪಾಲು ಪ್ರಸಂಗಗಳಲ್ಲಿ ವರ್ಗವನ್ನು ನಿರ್ಧರಿಸಬಲ್ಲವು.

ರಕ್ತನಾಳ ವಿಕೃತಿಗಳ ಅಧ್ಯಯನಕ್ಕಾಗಿರುವ ಅಂತಾರಾಷ್ಟ್ರೀಯ ಸಂಘವು 1996ರಲ್ಲಿ ರೋಮಿನಲ್ಲಿ ಈ ದ್ವಿಭಾಗಕ್ರಮವನ್ನು ಅಂಗೀಕರಿಸಿತು; 2014ರಲ್ಲಿ ಮೆಲ್ಬರ್ನ್‌ನಲ್ಲಿ ಹಾಗೂ 2018ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದನ್ನು ವಿಸ್ತರಿಸಿತು. ಒಂದು ಕಡೆ ಗಂತಿಗಳು. ಅವುಗಳಲ್ಲಿ ಸೌಮ್ಯ, ಸ್ಥಳೀಯವಾಗಿ ಆಕ್ರಮಣಶೀಲ, ಮಾರಕ ಎಂಬ ಒಳಭೇದಗಳು. ಇನ್ನೊಂದು ಕಡೆ ರಚನಾದೋಷಗಳು. ಅವುಗಳಲ್ಲಿ ಲೋಮನಾಳ, ಅಭಿಧಮನಿ, ದುಗ್ಧನಾಳ, ಅಪಧಮನಿ–ಅಭಿಧಮನಿ ಎಂದು ನಾಳದ ಜಾತಿಯನ್ನು ಆಧರಿಸಿದ ಒಳಭೇದಗಳು. ಹುಟ್ಟುವಾಗಲೇ ಪೂರ್ಣವಾಗಿ ಬೆಳೆದಿರುವ ಜನ್ಮಜಾತ ಹೆಮಾಂಜಿಯೋಮವನ್ನು ಬೇರೆಯಾಗಿಯೇ ಇರಿಸಿ, ಬೇಗ ಕುಗ್ಗುವುದು, ಕುಗ್ಗದುದು, ಭಾಗಶಃ ಕುಗ್ಗುವುದು ಎಂದು ಅದರ ಗತಿಯಿಂದಲೇ ಹೆಸರಿಸಲಾಗಿದೆ.

6. ತಪ್ಪು ಹೆಸರಿನ ಬೆಲೆ

ಅಂಗೀಕಾರವಾದ ಮಾತ್ರಕ್ಕೆ ಬಳಕೆ ಬದಲಾಗಲಿಲ್ಲ. 2009ರಲ್ಲಿ ಪ್ರಕಟವಾದ ವೈದ್ಯಕೀಯ ಲೇಖನಗಳಲ್ಲಿ ಹೆಮಾಂಜಿಯೋಮ ಪದದ ಬಳಕೆಯನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಲಾದ ಒಂದು ಅಧ್ಯಯನದ ಪ್ರಕಾರ, ಸುಮಾರು ಶೇಕಡಾ 71ರಷ್ಟು ಲೇಖನಗಳಲ್ಲಿ ಆ ಪದ ತಪ್ಪಾಗಿ ಬಳಕೆಯಾಗಿತ್ತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ತಪ್ಪು ಹೆಸರು ಪಡೆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ತಪ್ಪು ಚಿಕಿತ್ಸೆಯೂ ನಡೆದಿತ್ತು. ಅಂತಾರಾಷ್ಟ್ರೀಯ ವರ್ಗೀಕರಣದಂತೆ ಸರಿಯಾದ ಹೆಸರು ಪಡೆದವರಲ್ಲಿ ಅಂಥ ಪ್ರಸಂಗ ಕಂಡುಬರಲಿಲ್ಲ. ಪದದ ಶುದ್ಧಿಯನ್ನು ಪಂಡಿತರ ಹಟವೆಂದು ಭಾವಿಸುವವರು ಗಮನಿಸಬೇಕಾದ ಅಂಶವಿದು.

ಹೆಸರಿನ ನಿಖರತೆಯ ಮಹತ್ತ್ವ ಮುಂದಿನ ಸಂಶೋಧನೆಗಳಿಂದ ಇನ್ನಷ್ಟು ಹೆಚ್ಚಿತು. 2000ದಲ್ಲಿ ಪೌಲಾ ನಾರ್ತ್ ಮತ್ತು ಸಂಗಡಿಗರು ಗ್ಲೂಟ್-1 ಎಂಬ ಪ್ರೋಟೀನು ಶಿಶುವಿನ ಹೆಮಾಂಜಿಯೋಮದ ನಾಳಗಳಲ್ಲಿ ಇರುತ್ತದೆಂದೂ, ರಚನಾದೋಷಗಳ ನಾಳಗಳಲ್ಲಿ ಇರುವುದಿಲ್ಲವೆಂದೂ ತೋರಿಸಿದರು. 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಲಿಯೋತೆ-ಲಾಬ್ರೆಜ್ ಮತ್ತು ಸಂಗಡಿಗರು ಹೃದ್ರೋಗಕ್ಕಾಗಿ ಪ್ರೊಪ್ರನೊಲಾಲ್ ಔಷಧವನ್ನು ಕೊಟ್ಟ ಮಗುವೊಂದರ ಹೆಮಾಂಜಿಯೋಮ ಮರುದಿನವೇ ಬಣ್ಣ ಬದಲಿಸಿ ಮೆತ್ತಗಾದುದನ್ನು ವರದಿ ಮಾಡಿದರು. 2014ರಲ್ಲಿ ಅಮೆರಿಕದಲ್ಲಿ ಈ ಬಳಕೆಗೆ ಅಧಿಕೃತ ಅನುಮತಿ ದೊರೆಯಿತು. ಕಣ್ಣಿನ ಬಳಿ, ಉಸಿರುದಾರಿಯಲ್ಲಿ, ತುಟಿಯ ಮೇಲೆ ಬೆಳೆಯುವ ಗಂತಿಗಳಿಗೆ ಬೆಳವಣಿಗೆಯ ಹಂತದಲ್ಲಿಯೇ ಚಿಕಿತ್ಸೆ ದೊರೆಯುವುದು ಮುಖ್ಯ. ಪೋರ್ಟ್ ವೈನ್ ಕಲೆಗೆ ಈ ಔಷಧದಿಂದ ಪ್ರಯೋಜನವಿಲ್ಲ. ಅದಕ್ಕೆ ಲೇಸರ್ ಚಿಕಿತ್ಸೆಯೇ ಮುಖ್ಯ ದಾರಿ. ಒಂದೇ ಹೆಸರಿನಡಿ ಇದ್ದ ಎರಡು ವಿಕೃತಿಗಳಿಗೆ ಇಂದು ಎರಡು ಬೇರೆ ಚಿಕಿತ್ಸೆಗಳಿವೆ.

7. ಹುಸಿ ಅನ್ವರ್ಥನಾಮಗಳು

ಹೆಮಾಂಜಿಯೋಮದಂತೆಯೇ ದಾರಿ ತಪ್ಪಿಸುವ ಇನ್ನೊಂದು ಹೆಸರು ಪಯೋಜೆನಿಕ್ ಗ್ರ್ಯಾನುಲೋಮ. ಗಾಯದ ನಂತರ ಅಥವಾ ಬಸುರಿಯರ ಒಸಡಿನಲ್ಲಿ ಬೇಗನೆ ಬೆಳೆದು, ಮುಟ್ಟಿದರೆ ರಕ್ತ ಸೋರುವ ಕೆಂಪು ಗುಳ್ಳೆ ಇದು. 1897ರಲ್ಲಿ ಪೋನ್ಸೆ ಮತ್ತು ಡೋರ್ ಇದನ್ನು ವರ್ಣಿಸಿದಾಗ ಸೂಕ್ಷ್ಮಜೀವಿಯ ಸೋಂಕೆಂದು ಭಾವಿಸಿದ್ದರು. 1904ರಲ್ಲಿ ಹಾರ್ಟ್‌ಜೆಲ್ ಬಳಸಿದ ಹೆಸರಿಗೆ ಕೀವನ್ನು ಉಂಟುಮಾಡುವ ಕಣಗಂತಿ ಎಂದು ಅರ್ಥವಾಗುತ್ತದೆ. ವಾಸ್ತವದಲ್ಲಿ ಇಲ್ಲಿ ಕೀವೂ ಇಲ್ಲ, ಗ್ರ್ಯಾನುಲೋಮವೂ ಇಲ್ಲ. ಇದು ಲೋಮನಾಳಗಳು ಸಣ್ಣ ಸಣ್ಣ ಗುಂಪುಗಳಾಗಿ ವೃದ್ಧಿಗೊಂಡ ಸೌಮ್ಯಗಂತಿ. 1980ರಲ್ಲಿ ಸೂಚಿತವಾದ ಲೋಬ್ಯುಲರ್ ಕ್ಯಾಪಿಲರಿ ಹೆಮಾಂಜಿಯೋಮ ಎಂಬ ಹೆಸರು ರಚನೆಯನ್ನು ಸರಿಯಾಗಿ ಹೇಳುತ್ತದೆ. ಆದರೂ ಹಳೆಯ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಆಂಜಿಯೋಕೆರಟೋಮದ ಸ್ಥಿತಿಯೂ ಇಂತಹುದೇ. ಹೆಸರಿನಲ್ಲಿ ಓಮ ಇದ್ದರೂ ಇದು ಹಿಗ್ಗಿದ ನಾಳಗಳ ಮೇಲೆ ಚರ್ಮದ ಹೊರಪದರ ದಪ್ಪಗಾದ ಸ್ಥಿತಿಯೇ ಹೊರತು ನಾಳಗಳ ಗಂತಿಯಲ್ಲ.

ಇಂತಹ ಹೆಸರುಗಳನ್ನು ಹುಸಿ ಅನ್ವರ್ಥನಾಮಗಳೆಂದು ಕರೆಯಬಹುದು. ಇವುಗಳ ಘಟಕಗಳಿಗೆ ಅರ್ಥವಿದೆ, ಆ ಅರ್ಥ ವಸ್ತುವಿಗೆ ಅನ್ವಯಿಸುವುದಿಲ್ಲ. ಸ್ಟ್ರಾಬೆರಿ ಎಂಬ ರೂಢನಾಮ ಓದುಗನನ್ನು ಮೋಸಗೊಳಿಸದು, ಏಕೆಂದರೆ ಅದು ವಿವರಣೆಯ ಹೊಣೆಯನ್ನೇ ಹೊತ್ತಿಲ್ಲ. ಹುಸಿ ಅನ್ವರ್ಥನಾಮವಾದರೋ ವಿವರಣೆಯ ವೇಷದಲ್ಲಿಯೇ ಬರುತ್ತದೆ. ಹೆಸರು ಎಷ್ಟು ವಿವರಿಸುವಂತೆ ತೋರುತ್ತದೆಯೋ, ಅದು ತಪ್ಪಾದಾಗ ಆಗುವ ಹಾನಿಯೂ ಅಷ್ಟೇ ದೊಡ್ಡದು.

ಈ ದೃಷ್ಟಿಯಿಂದ ಅಂಕಿತನಾಮಗಳನ್ನು ಗಮನಿಸುವುದು ಉಪಯುಕ್ತ. ಲಂಡನ್ನಿನ ಶಸ್ತ್ರವೈದ್ಯ ಕ್ಯಾಂಪ್‌ಬೆಲ್ ಡಿ ಮಾರ್ಗನ್ 1872ರಲ್ಲಿ ಚೆರಿ ಬೊಟ್ಟುಗಳಿಗೂ ಕ್ಯಾನ್ಸರಿಗೂ ಸಂಬಂಧವಿರಬಹುದೆಂದು ಬರೆದನು. ಆ ಊಹೆ ನಿಲ್ಲಲಿಲ್ಲ. ವಯಸ್ಸಾದವರಲ್ಲಿ ಅವು ತೀರ ಸಾಮಾನ್ಯ. ಆದರೆ ಕ್ಯಾಂಪ್‌ಬೆಲ್ ಡಿ ಮಾರ್ಗನ್ ಬೊಟ್ಟು ಎಂಬ ಹೆಸರು ಊಹೆಯೊಂದಿಗೆ ಬಿದ್ದುಹೋಗಲಿಲ್ಲ, ಏಕೆಂದರೆ ಆ ಊಹೆ ಹೆಸರಿನೊಳಗೆ ಇರಲಿಲ್ಲ. 1940ರಲ್ಲಿ ಕ್ಯಾಸಬಾಕ್ ಮತ್ತು ಮೆರಿಟ್ ವರದಿ ಮಾಡಿದ, ರಕ್ತದ ಕಿರುಬಿಲ್ಲೆಗಳು ಅಪಾಯದ ಮಟ್ಟಕ್ಕೆ ಇಳಿಯುವ ಸ್ಥಿತಿಯನ್ನು ಬಹುಕಾಲ ಹೆಮಾಂಜಿಯೋಮದ ತೊಡಕೆಂದು ಭಾವಿಸಲಾಗಿತ್ತು. ಅದು ಶಿಶುವಿನ ಹೆಮಾಂಜಿಯೋಮದಲ್ಲಿ ಅಲ್ಲ, ಬೇರೆ ಬಗೆಯ ಗಂತಿಗಳಲ್ಲಿ ಬರುತ್ತದೆ ಎಂಬುದು 1997ರ ಸುಮಾರಿಗೆ ಸ್ಪಷ್ಟವಾಯಿತು. ವಿವರಣೆ ಬದಲಾದರೂ ಹೆಸರನ್ನು ಬದಲಿಸಬೇಕಾಗಲಿಲ್ಲ. ಅಂಕಿತನಾಮಕ್ಕೆ ಅರ್ಥವಿಲ್ಲವೆಂಬ ದೋಷವೇ ಇಲ್ಲಿ ಅದರ ರಕ್ಷಣೆಯಾಗಿದೆ. ಆದರೆ ಅದನ್ನು ಕಂಠಪಾಠ ಮಾಡಬೇಕೇ ಹೊರತು ಊಹಿಸಿ ತಿಳಿಯಲಾಗದು. ಸಾಮಾನ್ಯ ಓದುಗನಿಗೆ ಅದರಿಂದ ಏನೂ ದೊರೆಯದು.

8. ಕನ್ನಡದ ಪದರಚನೆಗೆ ಕೆಲವು ಸೂಚನೆಗಳು

ಈ ಹಿನ್ನೆಲೆಯಲ್ಲಿ ಕನ್ನಡದ ಪದಗಳನ್ನು ನೋಡಬಹುದು. ಕನ್ನಡದ ಮಚ್ಚೆ, ತಮಿಳಿನ ಮಚ್ಚಂ, ತೆಲುಗಿನ ಮಚ್ಚ ಒಂದೇ ಕುಟುಂಬಕ್ಕೆ ಸೇರಿದ ಪದಗಳು. ಮಚ್ಚೆ ಎಂಬುದು ಕಪ್ಪು, ಕೆಂಪು, ಚಪ್ಪಟೆ, ಉಬ್ಬು ಎಂಬ ಭೇದವಿಲ್ಲದೆ ಚರ್ಮದ ಗುರುತನ್ನೆಲ್ಲ ಒಳಗೊಳ್ಳುವ ಉತ್ತಮ ರೂಢನಾಮ. ಕಾರಣವನ್ನು ಹೇಳದು, ಯಾರನ್ನೂ ದೂರದು. ತೊಡಕು ಬರುವುದು ಹುಟ್ಟುಮಚ್ಚೆ ಎಂಬ ಸಮಾಸದಲ್ಲಿ. ಮೇಲೆ ಹೇಳಿದಂತೆ ವರ್ಗವನ್ನು ನಿರ್ಧರಿಸುವ ಮೊದಲ ಪ್ರಶ್ನೆಯೇ ಹುಟ್ಟಿದಾಗ ಇತ್ತೆ ಎಂಬುದು. ಹುಟ್ಟುಮಚ್ಚೆ ಎಂದು ಕರೆದ ಕೂಡಲೆ ಆ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ. ಎರಡನೆಯ ವಾರದಲ್ಲಿ ಮೂಡಿದ ಗುರುತನ್ನೂ ತಾಯಿ ಹುಟ್ಟುಮಚ್ಚೆಯೆಂದೇ ಹೇಳುತ್ತಾಳೆ. ಆರೋಗ್ಯ ಶಿಕ್ಷಣದ ಕನ್ನಡ ಬರವಣಿಗೆಯಲ್ಲಿ ಕೂಸಿನ ಮಚ್ಚೆ ಎಂಬ ಪದವನ್ನು ಸಾಮಾನ್ಯನಾಮವಾಗಿ ಬಳಸಿ, ಹುಟ್ಟಿನಿಂದ ಬಂದುದು, ಹುಟ್ಟಿದ ಮೇಲೆ ಬಂದುದು ಎಂದು ಅದರ ವಿಶೇಷಣಗಳನ್ನು ಬೇರೆಯಾಗಿರಿಸುವುದು ಮೇಲು.

ಎರಡನೆಯ ಪದ ಗಂತಿ. ಕ್ಯಾನ್ಸರಿಗೆ ಏಡಿಗಂತಿ ಎಂಬ ಪದ ಕನ್ನಡದಲ್ಲಿ ಬಳಕೆಗೆ ಬಂದಿದೆ. ಗಂತಿ, ಗೆಡ್ಡೆ ಎಂಬ ಮಾತು ಕಿವಿಗೆ ಬಿದ್ದರೆ ಮನೆಯವರ ಮನಸ್ಸು ಮೊದಲು ಓಡುವುದು ಆ ಕಡೆಗೇ. ರಚನಾದೋಷಕ್ಕೆ ಗಂತಿ ಎಂಬ ಪದವನ್ನು ಬಳಸಿದರೆ ಹೆಮಾಂಜಿಯೋಮದ ಹಳೆಯ ತಪ್ಪಿನ ಜೊತೆಗೆ ಈ ಭಯವನ್ನೂ ಅನುವಾದಿಸಿದಂತಾಗುತ್ತದೆ. ಆದುದರಿಂದ ಕೋಶಗಳು ನಿಜವಾಗಿ ವೃದ್ಧಿಗೊಳ್ಳುವ ವಿಕೃತಿಗೆ ಮಾತ್ರ ರಕ್ತನಾಳಗಂತಿ ಎಂಬುದನ್ನೂ, ರಚನೆಯ ದೋಷಕ್ಕೆ ನಾಳದ ಅಪರಚನೆ ಎಂಬುದನ್ನೂ ಮೀಸಲಿಡಬಹುದು. ಇದರಂತೆ ಸ್ಟ್ರಾಬೆರಿ ಮಚ್ಚೆ ಶಿಶು ರಕ್ತನಾಳಗಂತಿಯಾಗುತ್ತದೆ. ಪೋರ್ಟ್ ವೈನ್ ಕಲೆ ಲೋಮನಾಳ ಅಪರಚನೆಯಾಗುತ್ತದೆ. ಚರ್ಮದಲ್ಲಿ ಕ್ಯಾವರ್ನಸ್ ಹೆಮಾಂಜಿಯೋಮವೆಂದು ವರದಿಯಾಗುವ, ಕುಗ್ಗದ ನೀಲಿ ಉಬ್ಬು ಹೆಚ್ಚಿನ ಪ್ರಸಂಗಗಳಲ್ಲಿ ಅಭಿಧಮನಿ ಅಪರಚನೆಯಾಗುತ್ತದೆ. ಪಯೋಜೆನಿಕ್ ಗ್ರ್ಯಾನುಲೋಮವನ್ನು ಕೀವಿನ ಪದದಿಂದ ಅನುವಾದಿಸದೆ ಗುಚ್ಛ ಲೋಮನಾಳಗಂತಿ ಎನ್ನಬಹುದು. ರಕ್ತನಾಳಗಂತಿಯನ್ನು ಅರಿಸಮಾಸವೆಂದು ಆಕ್ಷೇಪಿಸುವವರಿರಬಹುದು. ಲೋಕರೂಢಿ ಒಪ್ಪಿದ ಅರಿಸಮಾಸಗಳನ್ನು ನಮ್ಮ ವ್ಯಾಕರಣಪರಂಪರೆ ಸ್ವೀಕರಿಸಿಯೇ ಬಂದಿದೆ. ಇಲ್ಲಿ ಪದದ ಕುಲಕ್ಕಿಂತ ಅದರ ಸತ್ಯ ಮುಖ್ಯ.

ಮೂರನೆಯದು, ಬಿನೈನ್ ಎಂಬ ವಿಶೇಷಣ. ಇದಕ್ಕೆ ನಿರಪಾಯಕಾರಿ, ಸೌಮ್ಯ ಎಂಬೆರಡು ಪದಗಳೂ ಬಳಕೆಯಲ್ಲಿವೆ. ಕಣ್ಣಿನ ರೆಪ್ಪೆಯ ಮೇಲೆ ಬೆಳೆದ ಶಿಶು ರಕ್ತನಾಳಗಂತಿ ದೃಷ್ಟಿಯ ಬೆಳವಣಿಗೆಯನ್ನು ಕೆಡಿಸಬಲ್ಲುದು. ಉಸಿರುದಾರಿಯಲ್ಲಿದ್ದರೆ ಪ್ರಾಣಕ್ಕೂ ಸಂಚಕಾರ ತರಬಲ್ಲುದು. ಅಪಾಯವಿಲ್ಲವೆಂದು ಹೆಸರಿನಲ್ಲಿಯೇ ಭರವಸೆ ಕೊಡುವ ನಿರಪಾಯಕಾರಿ ಎಂಬ ಪದ ಇಲ್ಲಿ ಹುಸಿ ಅನ್ವರ್ಥನಾಮವಾಗಿಬಿಡುತ್ತದೆ. ಮಾರಕವಲ್ಲ ಎಂಬಷ್ಟನ್ನೇ ಸೂಚಿಸುವ ಸೌಮ್ಯ ಎಂಬ ಪದ ಹೆಚ್ಚು ಸೂಕ್ತ. ಪ್ರಸ್ತುತ ಲೇಖನದಲ್ಲಿ ಅದನ್ನು ಬಳಸಿರುವುದು ಈ ಕಾರಣಕ್ಕಾಗಿ.

ಕೊನೆಯದಾಗಿ, ಹೋಲಿಕೆಯ ಹೆಸರುಗಳನ್ನು ಶಬ್ದಶಃ ಅನುವಾದಿಸುವ ಅಗತ್ಯವಿಲ್ಲ. ಕೊಕ್ಕರೆ ಕಚ್ಚಿದ ಗುರುತು ಎಂಬುದು ಕೊಕ್ಕರೆಯ ಕತೆಯಿಲ್ಲದ ನಮ್ಮಲ್ಲಿ ವ್ಯರ್ಥವಷ್ಟೇ ಅಲ್ಲ, ಹಕ್ಕಿ ನಿಜವಾಗಿ ಕಚ್ಚಿತೆಂಬ ಅರ್ಥವನ್ನೂ ಕೊಡಬಹುದು. ಜೇಡಮಚ್ಚೆ ಎಂಬ ಹೆಸರಿಗೂ ಎಚ್ಚರ ಬೇಕು. ಜೇಡ ಹರಿದರೆ ಮೈಮೇಲೆ ಗುಳ್ಳೆಯೇಳುತ್ತದೆ ಎಂಬ ಗ್ರಹಿಕೆ ಇರುವ ಕಡೆ ಯಕೃತ್ತಿನ ರೋಗದ ಸೂಚನೆಯೂ ಆಗಬಹುದಾದ ಗುರುತನ್ನು ಕೀಟದ ತೊಂದರೆಯೆಂದು ಜನ ತಿಳಿಯುವ ಸಾಧ್ಯತೆ ಇದೆ.

9. ಉಪಸಂಹಾರ

1982ರ ದ್ವಿಭಾಗವೂ ಕೊನೆಯ ಮಾತಲ್ಲ. 2013ರಲ್ಲಿ ಪೋರ್ಟ್ ವೈನ್ ಕಲೆಯಲ್ಲಿ ಜಿಎನ್ಎಕ್ಯೂ ಎಂಬ ಜೀನಿನ ಬದಲಾವಣೆ ಪತ್ತೆಯಾಯಿತು. 2016ರಲ್ಲಿ ಅದೇ ಜೀನಿನ ಬದಲಾವಣೆ ಜನ್ಮಜಾತ ಹೆಮಾಂಜಿಯೋಮದಲ್ಲಿಯೂ ಕಂಡುಬಂತು. ಒಂದು ಅಪರಚನೆ, ಇನ್ನೊಂದು ಗಂತಿ. ಜೀನು ಮಾತ್ರ ಒಂದೇ. ಗಡಿಯು ನಾವು ಎಳೆದಷ್ಟು ನೇರವಾಗಿಲ್ಲವೆಂಬುದನ್ನು ಇದು ತೋರಿಸುತ್ತದೆ. ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ತಾತ್ಕಾಲಿಕವಾಗಿ ವರ್ಗೀಕರಿಸದವು ಎಂಬ ಒಂದು ವಿಭಾಗವನ್ನೇ ಇರಿಸಿಕೊಂಡಿರುವುದು ಈ ಅರಿವಿನಿಂದಲೇ. ತಿಳಿಯದುದಕ್ಕೆ ತಿಳಿದಂತೆ ಹೆಸರಿಡದೆ, ಅದಕ್ಕೊಂದು ಸ್ಥಾನವನ್ನು ಬಿಟ್ಟಿರುವ ಈ ಕ್ರಮವು ಫಿರ್ಖೋವಿನ ಕಾಲದಿಂದ ನಡೆದ ಪ್ರಮಾದಗಳಿಂದ ಕಲಿತ ಪಾಠವೆನ್ನಬಹುದು.

ಕನ್ನಡದ ಪದಕೋಶಕಾರರು ಇಂಗ್ಲಿಷಿಗಿಂತ ತಡವಾಗಿ ಈ ಕೆಲಸಕ್ಕೆ ಇಳಿಯುವುದರಿಂದ ಅವರಿಗೊಂದು ಅನುಕೂಲವಿದೆ. ಹಳೆಯ ತಪ್ಪು ಹೆಸರುಗಳಿಗೆ ಒಗ್ಗಿಹೋದ ಬಳಕೆಯ ಭಾರ ಅವರ ಮೇಲಿಲ್ಲ. ಮೂಲಪದದ ಘಟಕಗಳನ್ನು ಬಿಡಿಸಿ ಒಂದೊಂದಕ್ಕೂ ಸಮಾನಪದ ಹುಡುಕುವ ಮೊದಲು, ಆ ಪದ ಯಾವ ವರ್ಷದ ತಿಳಿವಳಿಕೆಯಿಂದ ಹುಟ್ಟಿದ್ದು, ಆ ತಿಳಿವಳಿಕೆ ಇಂದಿಗೂ ನಿಂತಿದೆಯೆ ಎಂದು ಒಮ್ಮೆ ವಿಚಾರಿಸಿದರೆ ಸಾಕು. ನಿಂತಿದ್ದರೆ ಅನ್ವರ್ಥನಾಮವನ್ನು ಕಟ್ಟಬಹುದು. ನಿಂತಿಲ್ಲವಾದರೆ ವಸ್ತುವನ್ನು ನೋಡಿ ಹೊಸದಾಗಿ ಹೆಸರಿಡಬೇಕು. ವಸ್ತುವೇ ಇನ್ನೂ ಸ್ಪಷ್ಟವಾಗಿಲ್ಲದಿದ್ದಲ್ಲಿ ಮಚ್ಚೆ ಎಂಬ ನಮ್ಮ ರೂಢನಾಮವೇ ಇದೆ. ಅದು ಕಡಿಮೆ ಹೇಳುತ್ತದೆ, ಆದರೆ ತಪ್ಪು ಹೇಳುವುದಿಲ್ಲ.